ಬರಿಗಾಲ ಓಟಕ್ಕೆ ಒಗ್ಗುವ ಬಗೆ



ಕೇರಳದ ವಯನಾಡು ನಮಗೆ ದೂರದ ನಾಡಲ್ಲ. ಗುಂಡ್ಲುಪೇಟೆ ಬಿಟ್ಟು ಬಂಡೀಪುರದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ ಸಿಗುತ್ತದೆ. ಹೆಗ್ಗಡದೇವನಕೋಟೆಯ ಕಡೆಯಿಂದ ಬಾವಲಿ ಹಾಯ್ದರೆ ಮಾನಂದವಾಡಿ. ಕೊಡಗಿನ ಕುಟ್ಟದಿಂದ ಇಳಿದರೆ ತೋಲ್ಪೆಟ್ಟಿ, ಅಲ್ಲಿಂದ ತಿರುನೆಲ್ಲಿ. ನಮ್ಮ ಗದ್ದೆಗಳಿಗೆ ಹರಿಯುವ ಕಬಿನಿ ಹುಟ್ಟುವುದು ಆ ಬೆಟ್ಟಗಳಲ್ಲೇ. ಅಲ್ಲಿಯ ಕಾಡಿನಂಚಿನ ಕಾಟ್ಟುನಾಯ್ಕರು ಮನೆಯೊಳಗೆ ಆಡುವ ಮಾತು ಕನ್ನಡದ ಬಳಗಕ್ಕೆ ಸೇರಿದ್ದು. ಅವರು ನಮ್ಮ ಜೇನುಕುರುಬರಿಗೆ ತೀರ ಹತ್ತಿರದವರು. ಹೀಗಾಗಿ ವಯನಾಡಿನ ನೆಲದ ವಿಚಾರ, ಆ ನೆಲದ ಮೇಲೆ ನಡೆಯುವ ಪಾದದ ವಿಚಾರ ನಮ್ಮದೂ ಹೌದು.

ಈಗ ಬೆಂಗಳೂರು, ಮೈಸೂರುಗಳಲ್ಲಿ ಬೆಳಗಿನ ಜಾವ ಓಡುವವರ ಸಂಖ್ಯೆ ಹೆಚ್ಚಿದೆ. ರಜೆ ಸಿಕ್ಕಾಗ ಅವರಲ್ಲಿ ಹಲವರು ವಯನಾಡಿನ ತಂಪು ಹುಡುಕಿಕೊಂಡು ಹೋಗುತ್ತಾರೆ. ಕಾಫಿತೋಟದ ನಡುವಿನ ಕೆಂಪು ದಾರಿ, ಕೊಯ್ಲಾದ ಗದ್ದೆಬಯಲು, ಬೆಳಗಿನ ಮಂಜು ಇವನ್ನೆಲ್ಲ ನೋಡಿದಾಗ ಅವರಿಗೊಂದು ಆಸೆ ಹುಟ್ಟುತ್ತದೆ. ಶೂ ಕಳಚಿಟ್ಟು ಬರಿಗಾಲಲ್ಲಿ ಓಡಬೇಕು ಎಂಬ ಆಸೆ ಅದು. ಅದು ಒಳ್ಳೆಯ ಆಸೆ. ಅದನ್ನು ಮೊಟಕುಗೊಳಿಸುವುದು ನನ್ನ ಉದ್ದೇಶವಲ್ಲ. ಆದರೆ ಶೂ ಕಳಚಲು ಒಂದು ನಿಮಿಷ ಸಾಕು, ಬರಿಗಾಲಲ್ಲಿ ಓಡುವ ಪಾದ ಸಿದ್ಧವಾಗಲು ತಿಂಗಳುಗಳು ಬೇಕು. ಈ ಎರಡರ ನಡುವಿನ ಅಂತರ ಮರೆತವರು ನೋವು ತಿನ್ನುತ್ತಾರೆ. ಆ ಅಂತರವನ್ನು ದಾಟುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ಮಾತು.

ಮೊದಲು ಆ ನಾಡಿನ ಪಾದಗಳನ್ನು ನೋಡೋಣ. ವಯನಾಡು ಸಮುದ್ರಮಟ್ಟದಿಂದ ಸುಮಾರು 700 ಮೀಟರಿನಿಂದ 2100 ಮೀಟರಿನವರೆಗೆ ಏರುವ ಪ್ರಸ್ಥಭೂಮಿ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನರಲ್ಲಿ ನೂರಕ್ಕೆ ಹದಿನೆಂಟಕ್ಕಿಂತ ಹೆಚ್ಚು ಮಂದಿ ಬುಡಕಟ್ಟಿನವರು. ಪಣಿಯರು, ಅಡಿಯರು, ಕುರಿಚ್ಯರು, ಮುಳ್ಳುಕುರುಮರು, ಕಾಟ್ಟುನಾಯ್ಕರು ಹೀಗೆ ಹಲವು ಸಮುದಾಯಗಳಿವೆ. ಗದ್ದೆಯ ಬದುವಿನ ಮೇಲೆ ತಲೆಹೊರೆ ಹೊತ್ತು ಸಾಗುವುದು, ಜೇನಿಗಾಗಿ ಮರ ಏರುವುದು, ಕೆಸರಿನಲ್ಲಿ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ನಾಟಿ ಮಾಡುವುದು ಎಲ್ಲವೂ ಇವರಿಗೆ ಬರಿಗಾಲ ಕೆಲಸ. ತುಡಿಯ ಬಡಿತಕ್ಕೆ, ಚೀನಿಕೊಳಲಿನ ದನಿಗೆ ಹೆಜ್ಜೆ ಕೂಡಿಸಿ ಸಾಲುಸಾಲಾಗಿ ಪೈರು ನೆಡುವ ಕಂಬಳನಾಟಿ ವಯನಾಡಿನ ಹಬ್ಬ. ನಮ್ಮ ತುಳುನಾಡಿನ ಕಂಬಳವೂ ಕೆಸರುಗದ್ದೆಯ ಬರಿಗಾಲ ಹಬ್ಬವೇ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರತ್ತ ನೋಡಿತು. ಮುಂದೆ ಕೋಣಗಳ ಸೆಳೆತ ಇರುವುದರಿಂದ ಆ ಓಟವನ್ನು ಕ್ರೀಡಾಂಗಣದ ಓಟಕ್ಕೆ ಹೋಲಿಸಿ ನೋಡುವುದು ಸರಿಯಲ್ಲ. ಆದರೆ ಜಾರುವ ಕೆಸರಿನಲ್ಲಿ ಆ ವೇಗದಲ್ಲಿ ಹಿಡಿತ ತಪ್ಪದೆ ನಿಂತ ಪಾದಗಳು ಎಂಥವು ಎಂಬುದನ್ನು ಗಮನಿಸಬೇಕು. ಆ ಪಾದ ಒಂದು ವಾರದಲ್ಲಿ, ಒಂದು ತಿಂಗಳಲ್ಲಿ ಆದದ್ದಲ್ಲ. ಅದು ಬಾಲ್ಯದಿಂದ ಆದದ್ದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವಯನಾಡಿನ ಬಡವರ ಬರಿಗಾಲನ್ನು ನಾವು ಸುಮ್ಮನೆ ಹೊಗಳಿ ಮುಂದೆ ಹೋಗುವಂತಿಲ್ಲ. ಮಾನಂದವಾಡಿಯ ಬಳಿಯ ವಳ್ಳಿಯೂರುಕಾವು ದೇವಿಯ ಉತ್ಸವದಲ್ಲಿ ಜಮೀನುದಾರರು ಪಣಿಯರನ್ನೂ ಅಡಿಯರನ್ನೂ ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದ ಕಾಲವಿತ್ತು. ಕಾನೂನು ಜೀತವನ್ನು ರದ್ದುಗೊಳಿಸಿದ್ದು 1976ರಲ್ಲಿ. ಆ ಜನಕ್ಕೆ ಬರಿಗಾಲು ಆಯ್ಕೆಯಾಗಿರಲಿಲ್ಲ. ಮುಳ್ಳು ಚುಚ್ಚಿದರೆ ಔಷಧಿಯಿಲ್ಲ, ಕೊಕ್ಕೆಹುಳು ಹೊಕ್ಕರೆ ರಕ್ತವೇ ಬತ್ತಿಹೋಗುತ್ತಿತ್ತು. ಆ ಹುಳುವಿನ ಮರಿ ಮಲಿನವಾದ ಹಸಿಮಣ್ಣಿನಿಂದ ಅಂಗಾಲಿನ ಚರ್ಮದೊಳಕ್ಕೆ ನುಸುಳಿ, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಏರಿ, ಕೊನೆಗೆ ಕರುಳು ಸೇರಿ ರಕ್ತ ಹೀರುತ್ತದೆ. ಚಪ್ಪಲಿ ಮತ್ತು ಶೌಚಾಲಯಗಳು ಬಂದದ್ದು ಬಡವರ ಪಾಲಿಗೆ ನಿಜವಾದ ಬಿಡುಗಡೆ. ಆದ್ದರಿಂದ ಬರಿಗಾಲ ಓಟವನ್ನು ಮೆಚ್ಚುವ ನಾವು ಯಾರೂ ಬಡಮಕ್ಕಳಿಗೆ ಚಪ್ಪಲಿ ಬೇಡ ಎನ್ನುವ ಮಾತಿಗೆ ಇಳಿಯಬಾರದು. ಪಾದರಕ್ಷೆ ಕೈಗೆಟುಕಿದ ಮೇಲೆ, ಅದನ್ನು ಯಾವಾಗ ಹಾಕಬೇಕು, ಯಾವಾಗ ಬಿಡಬೇಕು ಎಂದು ತಿಳಿಯುವುದು ಬೇರೆಯ ವಿಷಯ.

ವಯನಾಡು ದೇಶಕ್ಕೆ ದೊಡ್ಡ ಓಟಗಾರರನ್ನು ಕೊಟ್ಟಿದೆ. ತಿರುನೆಲ್ಲಿಯ ಹತ್ತಿರದ ತ್ರಿಶ್ಶಿಲೇರಿಯವರು ಒ. ಪಿ. ಜೈಷಾ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ 1500 ಮೀಟರಿಗೆ ಕಂಚು ಗೆದ್ದವರು. ಮರುವರ್ಷ ಬೀಜಿಂಗಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮ್ಯಾರಥಾನನ್ನು 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಮುಗಿಸಿ ರಾಷ್ಟ್ರೀಯ ದಾಖಲೆ ಬರೆದವರು. ಸುಲ್ತಾನ್ ಬತ್ತೇರಿಯ ಕಡೆಯಿಂದ ಬಂದು ಸೇನೆ ಸೇರಿದ ಟಿ. ಗೋಪಿ 2017ರಲ್ಲಿ ಚೀನಾದ ಡಾಂಗ್‌ಗುವಾನಿನಲ್ಲಿ ನಡೆದ ಏಷ್ಯನ್ ಮ್ಯಾರಥಾನ್ ಚಾಂಪಿಯನ್‌ಷಿಪ್ಪನ್ನು 2 ಗಂಟೆ 15 ನಿಮಿಷ 48 ಸೆಕೆಂಡಿನಲ್ಲಿ ಗೆದ್ದರು. ಇಬ್ಬರೂ ಆ ಓಟಗಳನ್ನು ಓಡಿದ್ದು ಶೂ ಹಾಕಿಕೊಂಡೇ. ಡಾಂಬರಿನ ಮೇಲೆ 42 ಕಿಲೋಮೀಟರ್ ಓಡುವವರಿಗೆ ಶೂ ಕೆಲಸಕ್ಕೆ ಬರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಬರಿಗಾಲ ಓಟದ ಮಾತು ಬಂದಾಗಲೆಲ್ಲ ನೆನಪಾಗುವ ಇಥಿಯೋಪಿಯಾದ ಅಬೆಬೆ ಬಿಕಿಲಾ ಕೂಡ ಇದನ್ನೇ ತೋರಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪಂಜುಗಳ ಬೆಳಕಿನಲ್ಲಿ, ಹಳೆಯ ರೋಮಿನ ಕಲ್ಲುಹಾದಿಯ ಮೇಲೆ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಚಿನ್ನ ಗೆದ್ದರು. ನಾಲ್ಕು ವರ್ಷದ ಬಳಿಕ ಟೋಕಿಯೋದಲ್ಲಿ ಶೂ ಧರಿಸಿ ಓಡಿ ಮತ್ತೆ ಚಿನ್ನ ಗೆದ್ದರು, ಸಮಯವೂ ಮೂರು ನಿಮಿಷ ಕಡಿಮೆಯಾಯಿತು. ರೋಮಿನಲ್ಲಿ ಹೊಂದುವ ಶೂ ಸಿಗಲಿಲ್ಲವೆಂದು ಅವರು ಬರಿಗಾಲಲ್ಲಿ ಓಡಿದರು. ಓಡಲು ಸಾಧ್ಯವಾದದ್ದು ಆ ಅಂಗಾಲು ಅಷ್ಟು ವರ್ಷ ಅದಕ್ಕೆ ಪಳಗಿದ್ದರಿಂದ.

ಗಮನಿಸಿ, ಹಳ್ಳಿಯ ಹುಡುಗ ಬರಿಗಾಲಿನಿಂದ ಶೂವಿಗೆ ಹೋಗುತ್ತಾನೆ. ಅವನ ಪಾದ ಮೊದಲೇ ಗಟ್ಟಿ, ಶೂ ಅದಕ್ಕೊಂದು ಹೊದಿಕೆ. ಪೇಟೆಯಲ್ಲಿ ಬೆಳೆದವರು ಶೂವಿನಿಂದ ಬರಿಗಾಲಿಗೆ ಬರುತ್ತಾರೆ. ಅವರ ಪಾದಕ್ಕೆ ಹೊದಿಕೆಯೇ ಆಧಾರವಾಗಿಹೋಗಿದೆ. ದಾರಿ ಒಂದೇ ಆದರೂ ಎದುರುಬದುರಾಗಿ ಸಾಗುವ ಇವರಿಬ್ಬರ ಕಷ್ಟ ಒಂದೇ ಅಲ್ಲ.

ಈಗ ಪಾದದೊಳಗೆ ಏನಿದೆ ನೋಡೋಣ. ಒಂದೊಂದು ಪಾದದಲ್ಲೂ 26 ಎಲುಬುಗಳಿವೆ, 33 ಕೀಲುಗಳಿವೆ, ಅವನ್ನು ಕಟ್ಟಿಹಿಡಿಯುವ ನೂರಕ್ಕೂ ಹೆಚ್ಚು ಸ್ನಾಯು, ರಜ್ಜು, ಅಸ್ಥಿಬಂಧಗಳಿವೆ. ಅಂಗಾಲಿನ ನಡುವಿನ ಕಮಾನು ಭಾರ ಬಿದ್ದಾಗ ತುಸು ತಗ್ಗಿ, ಭಾರ ತೆಗೆದಾಗ ಮೇಲೆದ್ದು ಹೆಜ್ಜೆಗೆ ಚಿಮ್ಮುವ ಬಲ ಕೊಡುತ್ತದೆ. ಅಂಗಾಲಿನ ಚರ್ಮದಲ್ಲಿ ಸ್ಪರ್ಶ ತಿಳಿಸುವ ನರತುದಿಗಳು ದಟ್ಟವಾಗಿವೆ. ಕಲ್ಲು ತಗುಲಿದ ಕ್ಷಣವೇ ಮೊಣಕಾಲು ಬಾಗುವುದು, ಭಾರ ಪಕ್ಕಕ್ಕೆ ವಾಲುವುದು ನಾವು ಯೋಚಿಸಿ ಮಾಡುವುದಲ್ಲ, ಅಂಗಾಲು ತಿಳಿಸಿ ಆಗುವುದು. ಬರಿಗಾಲಲ್ಲಿ ನಡೆದು ಜಡ್ಡುಗಟ್ಟಿದ ಅಂಗಾಲಿಗೆ ಸ್ಪರ್ಶ ತಿಳಿಯುವುದಿಲ್ಲ ಎಂದು ಹಲವರ ನಂಬಿಕೆ. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೀನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ಪರೀಕ್ಷಿಸಿ, ಜಡ್ಡು ದಪ್ಪವಾದರೂ ಸ್ಪರ್ಶಜ್ಞಾನ ಕುಂದುವುದಿಲ್ಲ ಎಂದು ತೋರಿಸಿತು. ಜಡ್ಡು ಪಾದವನ್ನು ಕಾಯುತ್ತದೆ, ಆದರೆ ಕಿವುಡು ಮಾಡುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆಯೂ ದೊಡ್ಡದು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆತಜ್ಞರಾದ ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು ಪರೀಕ್ಷಿಸಿ, 1992ರಲ್ಲಿ ಅದನ್ನು ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ ಕಂಡುಬಂತು. ಬರಿಗಾಲ ಮಕ್ಕಳಲ್ಲಿ ಅದು ನೂರಕ್ಕೆ 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುವ ಮಕ್ಕಳಲ್ಲಿ ಅತಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲವರಲ್ಲಿ ಎಲ್ಲಕ್ಕಿಂತ ಕಡಿಮೆ. ಕಮಾನು ಗಟ್ಟಿಯಾಗುವ ಮುಖ್ಯ ಕಾಲ ಆರು ವರ್ಷಕ್ಕೆ ಮುಂಚಿನದು ಎಂದು ಅವರು ಹೇಳಿದರು. ಆಮೇಲೆ, 2009ರಲ್ಲಿ, ಬೆಲ್ಜಿಯಂನ ಸಂಶೋಧಕರು ಭಾರತದ ಬರಿಗಾಲ ನಡಿಗೆಯವರನ್ನೂ ಶೂ ಧರಿಸುವವರನ್ನೂ ಹೋಲಿಸಿ ನೋಡಿದರು. ಬರಿಗಾಲವರ ಮುಂಗಾಲು ಅಗಲವಾಗಿತ್ತು, ನಡೆಯುವಾಗ ಭಾರ ಪಾದದ ತುಂಬ ಹೆಚ್ಚು ಸಮನಾಗಿ ಹಂಚಿಹೋಗುತ್ತಿತ್ತು. ಕಾಲ್ಬೆರಳುಗಳನ್ನು ಬಿಡಿಬಿಡಿಯಾಗಿ ಚಾಚಿ ಬದುವಿನ ಮೇಲೆ ನಿಲ್ಲುವ ಗದ್ದೆಕೆಲಸದವರನ್ನು ನೋಡಿದ ಯಾರಿಗೂ ಇದು ಅಚ್ಚರಿಯಲ್ಲ.

ಓಟದ ವಿಚಾರಕ್ಕೆ ಬಂದರೆ, 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಬರಿಗಾಲ ಓಟಗಾರರ ಹೆಜ್ಜೆಯನ್ನು ಅಳೆದರು. ದಪ್ಪ ಹಿಮ್ಮಡಿಯ ಶೂ ಹಾಕಿದವರಲ್ಲಿ ಹೆಚ್ಚಿನವರು ಹಿಮ್ಮಡಿ ಮೊದಲು ಊರುತ್ತಾರೆ. ಬಾಲ್ಯದಿಂದ ಬರಿಗಾಲಲ್ಲಿ ಓಡಿದವರು ಬಹುಮಟ್ಟಿಗೆ ಮುಂಗಾಲನ್ನು ಅಥವಾ ನಡುಪಾದವನ್ನು ಮೊದಲು ಊರಿ, ಆಮೇಲೆ ಹಿಮ್ಮಡಿಯನ್ನು ಮೆಲ್ಲಗೆ ಇಳಿಸುತ್ತಾರೆ. ಹೀಗೆ ಊರಿದಾಗ ನೆಲಕ್ಕೆ ತಾಕುವ ಮೊದಲ ಹೊಡೆತ, ಬರಿಗಾಲಲ್ಲೇ ಹಿಮ್ಮಡಿ ಊರಿದಾಗಿನ ಹೊಡೆತದ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಓದಿದ ಜಗತ್ತು ಸಡಗರಪಟ್ಟಿತು. ಅದಕ್ಕೆ ಒಂದು ವರ್ಷ ಮೊದಲು ಮೆಕ್ಸಿಕೋದ ಬೆಟ್ಟಗಳಲ್ಲಿ ತೆಳು ಚಪ್ಪಲಿಯಲ್ಲಿ ಓಡುವ ತಾರಾಹುಮಾರಾ ಜನರ ಬಗ್ಗೆ ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದ ಪುಸ್ತಕವೂ ಬಂದಿತ್ತು. ಲಕ್ಷಾಂತರ ಜನ ಶೂ ಬಿಟ್ಟರು, ಇಲ್ಲವೇ ಬೆರಳಿಗೊಂದು ಚೀಲವಿರುವ ತೆಳು ಶೂ ಕೊಂಡರು.

ಮೊದಲ ಹೊಡೆತ ಇಳಿದ ಮಾತ್ರಕ್ಕೆ ದೇಹದ ಭಾರ ಎಲ್ಲಿಯೂ ಮಾಯವಾಗುವುದಿಲ್ಲ. ಮೊಣಕಾಲಿನಿಂದ ಇಳಿದ ಹೊರೆ ಮೀನಖಂಡಕ್ಕೆ, ಹಿಮ್ಮಡಿಯ ರಜ್ಜುವಿಗೆ, ಮುಂಗಾಲಿನ ತೆಳುವಾದ ಎಲುಬುಗಳಿಗೆ ಹೋಗುತ್ತದೆ. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡುವವರು ನಿಮಿಷಕ್ಕೆ 170 ಹೆಜ್ಜೆಯ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಹೆಜ್ಜೆ ಹಾಕುತ್ತಾರೆ. ಐದು ಕಿಲೋಮೀಟರಿನಲ್ಲಿ ಒಂದೊಂದು ಪಾದವೂ ಎರಡೂವರೆ ಸಾವಿರ ಬಾರಿ ನೆಲಕ್ಕೆ ಬೀಳುತ್ತದೆ, ಪ್ರತಿ ಬಾರಿಯೂ ದೇಹದ ತೂಕದ ಎರಡು ಮೂರು ಪಟ್ಟು ಬಲದೊಂದಿಗೆ. ಶೂವಿನೊಳಗೆ ವರ್ಷಗಟ್ಟಲೆ ಬೆಚ್ಚಗಿದ್ದ ಎಲುಬಿಗೆ ಇದು ಹೊಸದು. ಎಲುಬು ಹೊಸ ಹೊರೆಗೆ ಒಗ್ಗುವಾಗ ಹಳೆಯ ಭಾಗವನ್ನು ಮೊದಲು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸಲು ಕೆಲವೇ ವಾರ ಸಾಕು, ಕಟ್ಟಲು ತಿಂಗಳುಗಳು ಬೇಕು. ಈ ನಡುವಿನ ಕಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲ. ಆಗಲೇ ದೂರ ಹೆಚ್ಚಿಸಿದರೆ ಮುಂಗಾಲಿನ ಎರಡನೆಯ, ಮೂರನೆಯ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ರಜ್ಜುವಿಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಅದೂ ನಿಧಾನ. ಉಸಿರು, ಹೃದಯ ಬೇಗ ತಯಾರಾಗುತ್ತವೆ. ಇನ್ನೂ ಓಡಬಲ್ಲೆ ಎಂದು ಎದೆ ಹೇಳುತ್ತದೆ, ಸಾಕು ಎಂದು ಎಲುಬು ಹೇಳುವುದು ಮುರಿದ ಮೇಲೆಯೇ.

ಅಮೆರಿಕದ ಬ್ರಿಗ್‌ಹಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚಿತ್ರ ಸಮೇತ ತೋರಿಸಿತು. ಅನುಭವವಿದ್ದ 36 ಓಟಗಾರರಲ್ಲಿ ಒಂದು ಗುಂಪು ಹತ್ತು ವಾರ ಮೆಲ್ಲಮೆಲ್ಲಗೆ ತೆಳು ಶೂವಿಗೆ ಬದಲಾಯಿತು, ಇನ್ನೊಂದು ಗುಂಪು ತನ್ನ ಹಳೆಯ ಶೂವಿನಲ್ಲೇ ಓಡಿತು. ಕೊನೆಯಲ್ಲಿ ಎಂಆರ್‌ಐ ತೆಗೆದು ನೋಡಿದಾಗ ತೆಳು ಶೂವಿನ 19 ಮಂದಿಯಲ್ಲಿ 10 ಮಂದಿಯ ಪಾದದ ಎಲುಬಿನೊಳಗೆ ಊತ ಹೆಚ್ಚಿತ್ತು. ಹಳೆಯ ಶೂವಿನ ಗುಂಪಿನಲ್ಲಿ ಹಾಗಾದವರು ಒಬ್ಬರೇ. ಅವರೆಲ್ಲ ಓಟ ಬಲ್ಲವರು, ಹತ್ತು ವಾರ ತೆಗೆದುಕೊಂಡವರು. ಆದರೂ ಅವಸರವಾಯಿತು. ಆ ಬೆರಳುಚೀಲದ ಶೂ ತಯಾರಿಸುವ ಇಟಲಿಯ ವೈಬ್ರಮ್ ಕಂಪನಿ, ಪಾದ ಬಲವಾಗುತ್ತದೆ, ಗಾಯ ಕಡಿಮೆಯಾಗುತ್ತದೆ ಎಂಬ ತನ್ನ ಜಾಹೀರಾತಿನ ಮಾತಿಗೆ ಆಧಾರವಿಲ್ಲವೆಂದು ಅಮೆರಿಕದಲ್ಲಿ ತನ್ನ ಮೇಲೆ ಹೂಡಲಾಗಿದ್ದ ಮೊಕದ್ದಮೆಯನ್ನು 2014ರಲ್ಲಿ ರಾಜಿಯಲ್ಲಿ ಮುಗಿಸಿತು. ತಪ್ಪೊಪ್ಪಿಕೊಳ್ಳದೆ, 37 ಲಕ್ಷ 50 ಸಾವಿರ ಡಾಲರ್ ತೆಗೆದಿಡಲು ಒಪ್ಪಿತು. ನನ್ನ ಮಟ್ಟಿಗೆ ಇದರ ಪಾಠ ಸರಳ. ಯಾವ ವಸ್ತುವನ್ನು ಕೊಂಡರೂ ಪಾದದ ಬಲ ಅದರ ಜೊತೆಗೆ ಬರುವುದಿಲ್ಲ.

ಹಾಗಾದರೆ ಬಲ ಬರುವುದು ಹೇಗೆ? ವಯನಾಡಿನ ಕಾಫಿ ಬೆಳೆಗಾರರಿಗೆ ಇದು ಗೊತ್ತಿರುವ ವಿದ್ಯೆ. ನರ್ಸರಿಯ ಚಪ್ಪರದ ನೆರಳಿನಲ್ಲಿ ಬೆಳೆದ ರೊಬಸ್ಟಾ ಸಸಿಯನ್ನು ಅವರು ಒಂದೇ ದಿನ ಬಯಲಿಗೆ ತರುವುದಿಲ್ಲ. ಚಪ್ಪರವನ್ನು ವಾರವಾರವೂ ತುಸು ತುಸು ತೆಳುಮಾಡಿ, ಸಸಿಯನ್ನು ಬಿಸಿಲಿಗೆ ಒಗ್ಗಿಸಿ, ಆಮೇಲೆ ತೋಟದಲ್ಲಿ ನೆಡುತ್ತಾರೆ. ನಮ್ಮ ಪಾದಕ್ಕೂ ಅದೇ ಕ್ರಮ ಬೇಕು.

ಮೊದಲ ತಿಂಗಳು ಓಟವೇ ಬೇಡ. ಮನೆಯೊಳಗೆ, ಅಂಗಳದಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬರಿಗಾಲಲ್ಲಿ ನಡೆಯಿರಿ. ಜೊತೆಗೆ ಕೆಲವು ಅಭ್ಯಾಸ ಮಾಡಿ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ಮೆಲ್ಲಗೆ ಏರಿಸಿ, ಇನ್ನೂ ಮೆಲ್ಲಗೆ ಇಳಿಸಿ. ಒಂಟಿಕಾಲಲ್ಲಿ ನಿಂತು ಹಲ್ಲುಜ್ಜಿ. ಕಾಲ್ಬೆರಳುಗಳನ್ನು ಬಿಡಿಬಿಡಿಯಾಗಿ ಅಗಲಿಸಲು ಕಲಿಯಿರಿ. ಹಿಮ್ಮಡಿ ನೆಲಕ್ಕೂರಿ ಕುಕ್ಕರಗಾಲಲ್ಲಿ ಕೂರಿ, ನಮ್ಮ ಅಜ್ಜ ಅಜ್ಜಿಯರು ದಿನವೂ ಕೂರುತ್ತಿದ್ದ ಹಾಗೆ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಎರಡನೆಯ ತಿಂಗಳಲ್ಲಿ ಓಟ ಶುರುಮಾಡಿ, ದಿನ ಬಿಟ್ಟು ದಿನ. ಮೊದಲ ವಾರ 400 ಮೀಟರಿನಿಂದ ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್ ಸಾಕು. ಅಲ್ಲಿಂದ ವಾರಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸಿ. ಒಂದು ಕಿಲೋಮೀಟರಿನಿಂದ ಹೊರಟರೆ ಹತ್ತು ವಾರಕ್ಕೆ ಎರಡೂವರೆ ಕಿಲೋಮೀಟರ್ ದಾಟುತ್ತೀರಿ, ಐದು ಕಿಲೋಮೀಟರ್ ಮುಟ್ಟಲು ಹದಿನೇಳು ವಾರ ಬೇಕು. ಅಂದರೆ ನಾಲ್ಕು ತಿಂಗಳು. ಈ ಲೆಕ್ಕ ಕೇಳಿ ಹಲವರು ಬೇಸರಪಡುತ್ತಾರೆ. ಆದರೆ ಮುರಿದ ಎಲುಬು ಕೂಡಲು ಹಿಡಿಯುವ ಕಾಲ, ಅದಾದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡುವ ಕಾಲ ಎರಡನ್ನೂ ಕೂಡಿಸಿ ನೋಡಿದರೆ ಇದೇ ಹತ್ತಿರದ ದಾರಿ. ಉಳಿದ ದೂರವನ್ನು ನಿಮ್ಮ ಎಂದಿನ ಶೂವಿನಲ್ಲೇ ಓಡಿ. ಬರಿಗಾಲ ಓಟವನ್ನು ದಣಿದ ಮೇಲೆ ಇಟ್ಟುಕೊಳ್ಳಬೇಡಿ, ಕಾಲು ಹೊಸದಾಗಿರುವಾಗ, ಮೊದಲ ಭಾಗದಲ್ಲೇ ಮಾಡಿ.

ಹೆಜ್ಜೆ ಚಿಕ್ಕದಿರಲಿ, ಬೇಗಬೇಗ ಬೀಳಲಿ, ಪಾದ ದೇಹದ ಕೆಳಗೆ ಊರಲಿ. ಸದ್ದು ಕೇಳಿ. ಥಪಥಪ ಎಂದು ಕೇಳಿದರೆ ನೀವು ನೆಲವನ್ನು ಹೊಡೆಯುತ್ತಿದ್ದೀರಿ. ಮುಂಗಾಲಿನಲ್ಲೇ ತುದಿಗಾಲ ನಾಟ್ಯವೂ ಬೇಡ, ಹಿಮ್ಮಡಿ ಪ್ರತಿ ಹೆಜ್ಜೆಗೂ ನೆಲ ಮುಟ್ಟಿ ವಿರಮಿಸಲಿ. ಮೀನಖಂಡ ಬಿಗಿಯುವುದು, ಅಂಗಾಲು ಉರಿಯುವುದು ಸಹಜ, ಒಂದೆರಡು ದಿನದಲ್ಲಿ ಹೋಗುತ್ತದೆ. ಆದರೆ ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು, ಬೆಳಗೆದ್ದು ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚುವ ನೋವು, ಊತ ಇವು ಕಂಡರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ನೋವನ್ನು ಗೆಲ್ಲುವುದು ಇಲ್ಲಿ ಶೌರ್ಯವಲ್ಲ.

ಎಲ್ಲಿ ಓಡಬೇಕು? ಮೆತ್ತನೆಯ ಹುಲ್ಲು ಒಳ್ಳೆಯದೆಂದು ತೋರುತ್ತದೆ, ಆದರೆ ಹುಲ್ಲು ಗಾಜನ್ನೂ ಮುಳ್ಳನ್ನೂ ಅಡಗಿಸುತ್ತದೆ, ಕೆಟ್ಟ ಹೆಜ್ಜೆಯನ್ನೂ ಅಡಗಿಸುತ್ತದೆ. ನುಣುಪಾದ, ಗಟ್ಟಿಯಾದ, ಕಣ್ಣಿಗೆ ಕಾಣುವ ನೆಲ ಕಲಿಕೆಗೆ ಮೇಲು. ಶಾಲೆಯ ಮೈದಾನದ ಒತ್ತಿದ ಮಣ್ಣು, ಗುಂಡಿಯಿಲ್ಲದ ಒಳರಸ್ತೆ ಸಾಕು. ವಯನಾಡಿನಲ್ಲಿ ಡಿಸೆಂಬರಿನಿಂದ ಫೆಬ್ರುವರಿವರೆಗಿನ ಬೆಳಗು ಇದಕ್ಕೆ ತಕ್ಕದ್ದು. ಏಪ್ರಿಲ್ ಮಧ್ಯಾಹ್ನದ ಡಾಂಬರು ಅಂಗಾಲನ್ನು ಸುಡುತ್ತದೆ. ಜೂನಿನಿಂದ ಮಳೆ ಹಿಡಿದ ಮೇಲೆ ದಾರಿ ಜಾರುತ್ತದೆ, ಜಿಗಣೆ ಹತ್ತುತ್ತದೆ. ನಿಂತ ನೀರಿನಲ್ಲಿ, ಕೆಸರಿನಲ್ಲಿ ಇಲಿಜ್ವರದ ಸೋಂಕು ಇರಬಹುದು, ಬಿರಿದ ಅಂಗಾಲು ಅದಕ್ಕೆ ಬಾಗಿಲು. ಆ ತಿಂಗಳುಗಳಲ್ಲಿ ಅಭ್ಯಾಸವನ್ನು ಮನೆಯೊಳಗೇ ಮುಂದುವರಿಸಿ. ಮುತ್ತಂಗ, ತೋಲ್ಪೆಟ್ಟಿಗಳ ಕಾಡುದಾರಿ ಅಭಯಾರಣ್ಯದ್ದು, ಆನೆಯ ದಾರಿ. ಅಲ್ಲಿ ಶೂ ಹಾಕಿಯೂ ಓಡಬಾರದು. ಬೆಳಕು ಹರಿಯುವ ಮೊದಲು ತೋಟದ ದಾರಿಯಲ್ಲಿ ಬರಿಗಾಲಿಡಬೇಡಿ, ಹಾವುಗಳ ನಾಡದು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಿ. ಓಡಿದ ಮೇಲೆ ಕಾಲು ತೊಳೆದು, ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ.

ಕೆಲವರು ಬರಿಗಾಲ ಓಟಕ್ಕೆ ಇಳಿಯಲೇಬಾರದು. ಸಕ್ಕರೆ ಕಾಯಿಲೆ ಬಹುಕಾಲದಿಂದ ಇರುವವರಿಗೆ ಅಂಗಾಲಿನ ಸ್ಪರ್ಶ ಮಂದವಾಗಿರುವುದುಂಟು. ಗಾಯವಾದದ್ದೇ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಕೊಳೆತಿರುತ್ತದೆ. ವಯನಾಡಿನ ಕೆಲವು ಸಮುದಾಯಗಳಲ್ಲಿ ಕುಡುಗೋಲು ಕಣದ ರಕ್ತಹೀನತೆ ಇದೆ, ಆ ಕಾಯಿಲೆಯವರ ಕಾಲಿನ ಹುಣ್ಣು ಬೇಗ ಮಾಯುವುದಿಲ್ಲ. ಇಂಥವರೂ, ಎಲುಬು ಸವೆದ ಹಿರಿಯರೂ ಓಡುವುದಿದ್ದರೆ ವೈದ್ಯರನ್ನು ಕೇಳಿಯೇ ಓಡಬೇಕು. ಇವರಿಗೆ ಬೆರಳಿಗೆ ಜಾಗವಿರುವ ಒಳ್ಳೆಯ ಶೂವೇ ಸರಿ.

ಬರಿಗಾಲು ಬೇಡ, ಆದರೆ ಪಾದಕ್ಕೆ ಸ್ವಾತಂತ್ರ್ಯ ಬೇಕು ಎನ್ನುವವರಿಗೆ ತೆಳು ಶೂ ನಡುವಿನ ದಾರಿ. ಕೊಳ್ಳುವಾಗ ಮೂರು ಗುಣ ನೋಡಿ. ಹಿಮ್ಮಡಿ ಮತ್ತು ಮುಂಗಾಲು ಒಂದೇ ಎತ್ತರದಲ್ಲಿರಬೇಕು, ಸಾಮಾನ್ಯ ಓಟದ ಶೂಗಳಲ್ಲಿ ಹಿಮ್ಮಡಿ ಹತ್ತು ಹನ್ನೆರಡು ಮಿಲಿಮೀಟರ್ ಎತ್ತರವಿರುವುದುಂಟು. ಬೆರಳುಗಳು ಹರಡಲು ಅಗಲವಿರಬೇಕು. ಕೈಯಲ್ಲಿ ಹಿಡಿದರೆ ಸುಲಭವಾಗಿ ಬಾಗಬೇಕು. ತೆಳು ಶೂವಿಗೂ ಮೇಲೆ ಹೇಳಿದ ತಿಂಗಳುಗಳ ಲೆಕ್ಕವೇ ಅನ್ವಯಿಸುತ್ತದೆ. ನಿಜ ಹೇಳಬೇಕೆಂದರೆ ಅದರ ಅಪಾಯವೇ ಹೆಚ್ಚು, ಏಕೆಂದರೆ ಬರಿಗಾಲಿಗೆ ಚರ್ಮ ಉರಿದು ಸಾಕೆನ್ನುತ್ತದೆ, ತೆಳು ಶೂವಿನಲ್ಲಿ ಆ ಎಚ್ಚರಿಕೆ ಬಾರದೆ ಎಲುಬು ದುಡಿಯುತ್ತಲೇ ಹೋಗುತ್ತದೆ. ರಬ್ಬರಿನ ಹವಾಯಿ ಚಪ್ಪಲಿಯಲ್ಲಿ ಓಡಬೇಡಿ. ಅದು ಕಳಚದಂತೆ ಬೆರಳುಗಳು ಸದಾ ಬಿಗಿಹಿಡಿಯಬೇಕಾಗುತ್ತದೆ.

ಕೊನೆಯದಾಗಿ ತಂದೆತಾಯಿಯರಿಗೂ ಶಿಕ್ಷಕರಿಗೂ ಒಂದು ವಿನಂತಿ. ದೊಡ್ಡವರು ತಿಂಗಳುಗಟ್ಟಲೆ ದುಡಿದು ಪಡೆಯಬೇಕಾದ ಪಾದವನ್ನು ಮಗು ಆಡುತ್ತ ಆಡುತ್ತಲೇ ಪಡೆಯುತ್ತದೆ. ಆರು ವರ್ಷದೊಳಗಿನ ಮಗುವಿಗೆ ಬೆಳಗಿನಿಂದ ಸಂಜೆಯವರೆಗೆ ಮುಚ್ಚಿದ ಶೂ ಬಿಗಿಯಬೇಡಿ. ಶಾಲೆಗಳು ಸಮವಸ್ತ್ರದ ಶಿಸ್ತನ್ನು ಆಟದ ಹೊತ್ತಿಗಾದರೂ ಸಡಿಲಿಸಲಿ. ಮೈದಾನದ ಗಾಜು, ಕಲ್ಲು, ಮುಳ್ಳು ಹೆಕ್ಕಿ, ಶೌಚಾಲಯವನ್ನು ಶುಚಿಯಾಗಿಟ್ಟು, ವರ್ಷಕ್ಕೆ ಎರಡು ಬಾರಿ ಜಂತುಹುಳದ ಮಾತ್ರೆ ಕೊಟ್ಟು, ಮಕ್ಕಳನ್ನು ಬರಿಗಾಲಲ್ಲಿ ಆಡಲು ಬಿಡಲಿ. ಚಪ್ಪಲಿ ಇಲ್ಲದ ಮಗುವಿಗೆ ಚಪ್ಪಲಿ ಸಿಗಬೇಕು. ಚಪ್ಪಲಿ ಇರುವ ಮಗುವಿಗೆ ಅದನ್ನು ಕಳಚಿ ಓಡುವ ನೆಲ ಸಿಗಬೇಕು. ಎರಡನ್ನೂ ಕೊಡುವ ಹೊಣೆ ನಮ್ಮದು. ಇನ್ನು ಓಡುವ ಆಸೆಯುಳ್ಳ ದೊಡ್ಡವರು ನಾಳೆ ಬೆಳಗ್ಗೆ ಓಡಲು ಹೋಗಬೇಡಿ. ಅಂಗಳದಲ್ಲಿ ಇಪ್ಪತ್ತು ನಿಮಿಷ ಬರಿಗಾಲಲ್ಲಿ ನಡೆಯಿರಿ. ಅಲ್ಲಿಂದ ಶುರುವಾಗಲಿ.